ಮೊದಲು ಪುಸ್ತಕ, ಆಮೇಲೆ ನಿಘಂಟು

(ಇದು ನಾನು ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರವನ್ನು ಒಮ್ಮೆ ಅರ್ಧಕ್ಕೆ ಮಡಚಿ ಹಿಡಿದುಕೊಳ್ಳಿ. ಈಗ ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಪದ ಬರೆದಿದ್ದೀರಿ ಅಂದುಕೊಳ್ಳಿ. ಅದರ ಕೆಳಗೆ ಇಸವಿ, ಬರೆದವರ ಹೆಸರು, ಪುಸ್ತಕದ ಹೆಸರು, ಪುಟದ ಸಂಖ್ಯೆ. ಅದರ ಕೆಳಗೆ ಆ ಪದ ಬಂದಿರುವ ವಾಕ್ಯ, ಒಂದು ಅಕ್ಷರವೂ ಆಚೀಚೆ ಆಗದಂತೆ. ಅಷ್ಟೇ. ಇಂಥ ಚೀಟಿಗಳು 50 ಲಕ್ಷದಷ್ಟು ಕೂಡಿಬಂದು ಆದದ್ದು ಇವತ್ತು ನಾವು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅಂತ ಕರೆಯುವ ಪುಸ್ತಕ. ಬರೆದವರಲ್ಲಿ ಹೆಚ್ಚಿನವರು ಪಂಡಿತರಲ್ಲ, ಸಂಬಳ ಪಡೆದವರೂ ಅಲ್ಲ. ಮನೆಯಲ್ಲಿ ಕೂತು ಓದಿದವರು.

ಆ ನಿಘಂಟಿನ ಹೆಸರು ಬಂದ ಕೂಡಲೇ ಅದರ ಸಂಪಾದಕ ಜೇಮ್ಸ್ ಮರ್ರೆ ಅವರ ಹೆಸರು ಬರುತ್ತೆ. ಬರಲೇಬೇಕು. ಆದರೆ ನಾನು ಇವತ್ತು ಮಾತಾಡೋದು ಅವರಿಗಿಂತ ಮೊದಲು ಹದಿನೆಂಟು ವರ್ಷ ಆ ಕೆಲಸವನ್ನು ಹೊತ್ತು, ಸಂಪಾದಕರಾಗಿ ಗೆಲ್ಲದೆ ಹೋದ ಒಬ್ಬರ ಬಗ್ಗೆ. ಫ್ರೆಡರಿಕ್ ಜೇಮ್ಸ್ ಫರ್ನಿವಾಲ್. ಅವರು ಸಂಪಾದಕರಾಗಿದ್ದಷ್ಟು ದಿನ ನಿಘಂಟಿನ ಒಂದು ಪುಟವೂ ಅಚ್ಚಾಗಲಿಲ್ಲ. ಆದರೂ ಅವರಿಲ್ಲದಿದ್ದರೆ ಆ ನಿಘಂಟು ಇರುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಫರ್ನಿವಾಲ್ ಹುಟ್ಟಿದ್ದು 1825ರಲ್ಲಿ, ಲಂಡನ್ನಿಗೆ ಹತ್ತಿರದ ಎಗಮ್ ಅನ್ನೋ ಊರಿನಲ್ಲಿ. ತಂದೆ ವೈದ್ಯರು, ಅನುಕೂಲಸ್ಥರು. ಮಗ ಕೇಂಬ್ರಿಜ್‌ನಲ್ಲಿ ಓದಿ ವಕೀಲರಾದರು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕೂಲಿ ಕಾರ್ಮಿಕರಿಗಾಗಿ ವರ್ಕಿಂಗ್ ಮೆನ್ಸ್ ಕಾಲೇಜು ಶುರುವಾಯಿತು. ಹಗಲೆಲ್ಲ ದುಡಿದು ಬಂದವರಿಗೆ ಸಂಜೆ ಪಾಠ. ಫರ್ನಿವಾಲ್ ಅಲ್ಲಿ ವ್ಯಾಕರಣ, ಹಳೆಯ ಇಂಗ್ಲಿಷ್ ಕಾವ್ಯ ಹೇಳಿಕೊಟ್ಟರು. ಪಾಠ ಮುಗಿಸಿ ಮನೆಗೆ ಹೋಗುವವರಲ್ಲ ಅವರು. ಭಾನುವಾರ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೈಲಿಗಟ್ಟಲೆ ನಡೆಯಲು ಹೊರಡುತ್ತಿದ್ದರು. ಕಾಲೇಜಿನ ಮುಖ್ಯಸ್ಥರು ಪಾದ್ರಿಗಳು. ಭಾನುವಾರ ಇಂಥ ಓಡಾಟ ಅವರಿಗೆ ಹಿಡಿಸಲಿಲ್ಲ, ಜಗಳವೂ ಆಯಿತು. ಫರ್ನಿವಾಲ್ ಬಗ್ಗಲಿಲ್ಲ. ಓದು ಎಲ್ಲರದು ಅನ್ನೋ ನಂಬಿಕೆ ಅವರಿಗೆ ಆ ಸಂಜೆ ತರಗತಿಗಳಲ್ಲಿ ಗಟ್ಟಿಯಾಯಿತು ಅಂತ ನನಗನ್ನಿಸುತ್ತೆ. ಮುಂದೆ ಅವರು ಮಾಡಿದ್ದೆಲ್ಲದರ ಬೇರು ಅಲ್ಲಿದೆ.

ಈಗ ನಿಘಂಟಿನ ಕಡೆ ಬರೋಣ. ಆಗ ಇಂಗ್ಲಿಷಿನಲ್ಲಿ ನಿಘಂಟು ಇರಲಿಲ್ಲವೇ? ಇತ್ತು. 1755ರ ಜಾನ್ಸನ್ ನಿಘಂಟು ಮನೆಮಾತಾಗಿತ್ತು. ಆದರೆ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ ಅನ್ನೋ ಭಾಷಾ ಅಧ್ಯಯನದ ಸಂಘಕ್ಕೆ ಅದು ಸಾಲದು ಅನ್ನಿಸಿತು. 1857ರಲ್ಲಿ ಸಂಘ ಮೂವರ ಸಮಿತಿ ಮಾಡಿತು. ಯಾವ ನಿಘಂಟಿನಲ್ಲೂ ಸೇರದೆ ಹೊರಗೆ ಉಳಿದ ಪದಗಳನ್ನು ಹುಡುಕಿ ಪಟ್ಟಿ ಮಾಡೋದು ಕೆಲಸ. ಆ ಮೂವರು ರಿಚರ್ಡ್ ಟ್ರೆಂಚ್, ಹರ್ಬರ್ಟ್ ಕೋಲ್‌ರಿಜ್ ಮತ್ತು ಫರ್ನಿವಾಲ್. ಹುಡುಕುತ್ತಾ ಹೋದ ಹಾಗೆ ಹೊರಗೆ ಉಳಿದದ್ದೇ ರಾಶಿ ಅಂತ ಗೊತ್ತಾಯಿತು. ಹಳೆಯ ನಿಘಂಟಿಗೆ ತೇಪೆ ಹಾಕಿದರೆ ಆಗದು, ಹೊಸದೇ ಬೇಕು.

ಆ ವರ್ಷದ ನವೆಂಬರಿನಲ್ಲಿ ಟ್ರೆಂಚ್ ಎರಡು ಉಪನ್ಯಾಸ ಕೊಟ್ಟರು. ಅವರು ಹೇಳಿದ ಒಂದು ಮಾತು ಇವತ್ತಿಗೂ ಹೊಸದಾಗಿದೆ. ನಿಘಂಟು ಮಾಡುವವನು ಭಾಷೆಯ ಚರಿತ್ರೆ ಬರೆಯುವವನು, ಭಾಷೆಗೆ ತೀರ್ಪು ಕೊಡುವವನಲ್ಲ. ಈ ಪದ ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಅಂತ ಆರಿಸೋದು ಅವನ ಕೆಲಸವೇ ಅಲ್ಲ. ಎಲ್ಲವನ್ನೂ ಸೇರಿಸಬೇಕು. ಪ್ರತಿ ಪದ ಯಾವಾಗ ಹುಟ್ಟಿತು, ಅರ್ಥ ಹೇಗೆ ಹೊರಳಿತು, ಯಾವಾಗ ಬಳಕೆ ತಪ್ಪಿತು ಅಂತ ತೋರಿಸಬೇಕು. ಸುಮ್ನೆ ಹೇಳಿದರೆ ಸಾಲದು, ಜನ ಬರೆದ ಸಾಲುಗಳನ್ನೇ ಸಾಕ್ಷಿಯಾಗಿ ಇಡಬೇಕು. ಹಾಗಿದ್ದರೆ ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಯಾರಾದರೂ ಓದಬೇಕು ಅಲ್ವಾ? ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೇ ಊರವರನ್ನೆಲ್ಲ ಕರೆಯುವುದು ಅಂತಾಯಿತು.

ಮೊದಲ ಸಂಪಾದಕರು ಹರ್ಬರ್ಟ್ ಕೋಲ್‌ರಿಜ್, ಕವಿ ಕೋಲ್‌ರಿಜ್ ಅವರ ಮೊಮ್ಮಗ. ಚೀಟಿ ಇಡಲು 54 ಗೂಡುಗಳ ಒಂದು ಮರದ ಕಪಾಟು ಮಾಡಿಸಿದರು. ಒಂದು ಲಕ್ಷ ಚೀಟಿ ಹಿಡಿಯುತ್ತೆ, ಅಷ್ಟು ಸಾಕು ಅಂತ ಲೆಕ್ಕ. ಎರಡು ವರ್ಷದಲ್ಲಿ ಮೊದಲ ಭಾಗ ಅಚ್ಚಿಗೆ ಹೋಗುತ್ತೆ ಅನ್ನೋ ನಿರೀಕ್ಷೆ. ಒಂದು ದಿನ ಮಳೆಯಲ್ಲಿ ನೆನೆದು, ಒದ್ದೆ ಬಟ್ಟೆಯಲ್ಲೇ ಸಂಘದ ಉಪನ್ಯಾಸಕ್ಕೆ ಕೂತರು. ಮೊದಲೇ ಕ್ಷಯ ಇದ್ದ ಮೈ. 1861ರ ಏಪ್ರಿಲಿನಲ್ಲಿ ತೀರಿಕೊಂಡರು, ವಯಸ್ಸು ಮೂವತ್ತು. ಬದುಕುವುದಿಲ್ಲ ಅಂತ ವೈದ್ಯರು ಹೇಳಿದಾಗ, ಹಾಗಾದರೆ ನಾಳೆಯಿಂದಲೇ ಸಂಸ್ಕೃತ ಶುರು ಮಾಡಬೇಕು ಅಂದರಂತೆ. ಈ ಮಾತು ಹೇಳುವಾಗ ಪ್ರತಿ ಸಲವೂ ನನಗೆ ಒಂದು ಕ್ಷಣ ನಿಲ್ಲಬೇಕು ಅನ್ನಿಸುತ್ತೆ.

ಹಾಗೆ ಆ ಕಪಾಟು ಫರ್ನಿವಾಲ್ ಅವರ ಕೈಗೆ ಬಂತು.

ಅವರ ಉತ್ಸಾಹ ದೊಡ್ಡದು. ಅವರಲ್ಲಿ ಇಲ್ಲದೆ ಇದ್ದದ್ದು ತಾಳ್ಮೆ. ಒಂದು ಕೆಲಸ ಹಿಡಿದು ಕೂತು, ಪದದ ಹಿಂದೆ ಪದ, ದಿನದ ಹಿಂದೆ ದಿನ ಸಾಗುವ ಜಾಯಮಾನ ಅವರದ್ದಲ್ಲ. ಅಕ್ಷರಗಳನ್ನು ಹಂಚಿಬಿಟ್ಟರು. ಒಂದು ಅಕ್ಷರ ಒಬ್ಬ ಪಾದ್ರಿಗೆ, ಇನ್ನೊಂದು ಒಬ್ಬ ಮೇಷ್ಟ್ರಿಗೆ. ಅವರವರ ಮನೆಗೆ ಚೀಟಿಯ ಕಟ್ಟು ಹೋಗುತ್ತಿತ್ತು. ಅವರು ವಿಂಗಡಿಸಿ ಸಿದ್ಧ ಮಾಡಿಕೊಡಬೇಕು. ಕೆಲವರು ಶ್ರದ್ಧೆಯಿಂದ ಮಾಡಿದರು. ಕೆಲವರು ಬೇಸತ್ತು ಬಿಟ್ಟರು, ಕೆಲವರು ತೀರಿಹೋದರು. ಯಾರ ಹತ್ತಿರ ಏನಿದೆ ಅನ್ನೋ ಲೆಕ್ಕ ಕ್ರಮೇಣ ಕೈತಪ್ಪಿತು.

ಆದರೆ ಈ ಗಡಿಬಿಡಿಯ ನಡುವೆ ಅವರಿಗೆ ಒಂದು ಸಂಗತಿ ಹೊಳೆಯಿತು. ನನ್ನ ಇಡೀ ಉಪನ್ಯಾಸ ಇರುವುದು ಇದರ ಮೇಲೆ.

ಓದುಗರಿಗೆ ಇಂಗ್ಲಿಷ್ ಬರಹವನ್ನು ಮೂರು ಕಾಲಕ್ಕೆ ಭಾಗ ಮಾಡಿಕೊಟ್ಟಿದ್ದರು. 1250ರಿಂದ 1526, ಅಲ್ಲಿಂದ 1674, ಅಲ್ಲಿಂದ ತಮ್ಮ ದಿನದವರೆಗೆ. ಎರಡನೆಯದಕ್ಕೂ ಮೂರನೆಯದಕ್ಕೂ ಪುಸ್ತಕ ಬೇಕಾದಷ್ಟು ಸಿಗುತ್ತಿತ್ತು. ಮೊದಲನೆಯದಕ್ಕೆ? ಆ ಕಾಲದ ಬರಹದಲ್ಲಿ ಹೆಚ್ಚಿನದು ಹಸ್ತಪ್ರತಿಯಲ್ಲೇ ಇತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಕಪಾಟಿನಲ್ಲಿ, ಶ್ರೀಮಂತರ ಮನೆಗಳಲ್ಲಿ. ಹಳ್ಳಿಯಲ್ಲಿರುವ ಒಬ್ಬ ಮೇಷ್ಟ್ರು ಅದನ್ನು ಓದುವುದು ಹೇಗೆ? ಓದದೆ ಚೀಟಿ ಬರೆಯುವುದು ಹೇಗೆ? ಚೀಟಿ ಇಲ್ಲದೆ ಪದದ ಹುಟ್ಟಿನ ಇಸವಿ ಹೇಳುವುದು ಹೇಗೆ? ಮೊದಲು ಪುಸ್ತಕ ಅಚ್ಚಾಗಬೇಕು. ನಿಘಂಟು ಅದರ ಆಮೇಲೆ.

1864ರಲ್ಲಿ ಫರ್ನಿವಾಲ್ ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ ಶುರು ಮಾಡಿದರು. ವರ್ಷಕ್ಕೆ ಒಂದು ಗಿನಿ ಚಂದಾ ಕಟ್ಟಿದವರಿಗೆ ಆ ವರ್ಷ ಅಚ್ಚಾದ ಪುಸ್ತಕಗಳು. ಸಂಪಾದಿಸುವವರಿಗೆ ಸಂಬಳ ಇಲ್ಲ. ಮೊದಲನೇ ಪುಸ್ತಕವನ್ನೇ ನೋಡಿ. ರಿಚರ್ಡ್ ಮಾರಿಸ್ ಸಂಪಾದಿಸಿದ ಹಳೆಯ ಕಾವ್ಯಗಳು. ಅದರಲ್ಲಿ 'ಪರ್ಲ್' ಅನ್ನೋ ಕವಿತೆ ಇದೆ, ಅಂದರೆ ಮುತ್ತು. ಕಳೆದುಹೋದ ಮುತ್ತಿಗಾಗಿ ಅಳುವವನೊಬ್ಬ. ಆ ಮುತ್ತು ಅಂದರೆ ತೀರಿಹೋದ ಪುಟ್ಟ ಹೆಣ್ಣುಮಗು. ಬರೆದವರು ಯಾರು ಅಂತ ಇವತ್ತಿಗೂ ತಿಳಿಯದು. ಸುಮಾರು 1400ರ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಅದು ಸೇರಿದ್ದ ಸಂಗ್ರಹಕ್ಕೆ 1731ರಲ್ಲಿ ಬೆಂಕಿ ಬಿತ್ತು, ಅದರಲ್ಲೂ ಈ ಪ್ರತಿ ಪಾರಾಯಿತು. 450 ವರ್ಷ ಯಾರೋ ಕೆಲವರು ಮಾತ್ರ ಕಂಡಿದ್ದ ಆ ಕವಿತೆ 1864ರಲ್ಲಿ ಮೊದಲ ಸಲ ಅಚ್ಚಾಗಿ ಮನೆಮನೆಗೆ ಹೋಯಿತು. ಇವತ್ತು ಅದನ್ನು ಇಂಗ್ಲಿಷಿನ ಅತ್ಯುತ್ತಮ ಕಾವ್ಯಗಳ ಸಾಲಿನಲ್ಲಿ ಇಡುತ್ತಾರೆ. ನಿಘಂಟಿನ ನೆಪದಲ್ಲಿ ಒಂದು ಕಾವ್ಯ ಮರುಹುಟ್ಟು ಪಡೆಯಿತು!

ಫರ್ನಿವಾಲ್ ಅಲ್ಲಿಗೆ ನಿಲ್ಲಲಿಲ್ಲ. 1868ರಲ್ಲಿ ಚಾಸರ್ ಸೊಸೈಟಿ, ಅದೇ ವರ್ಷ ಲಾವಣಿಗಳಿಗೆ ಬ್ಯಾಲಡ್ ಸೊಸೈಟಿ, 1873ರಲ್ಲಿ ಹೊಸ ಷೇಕ್ಸ್‌ಪಿಯರ್ ಸೊಸೈಟಿ, ಆಮೇಲೆ ವಿಕ್ಲಿಫ್, ಬ್ರೌನಿಂಗ್, ಷೆಲ್ಲಿ ಹೆಸರಿನಲ್ಲಿ ಒಂದೊಂದು. ಚಾಸರ್ ಕೆಲಸ ನನಗೆ ಬಹಳ ಇಷ್ಟ. ಆ ಹಳೆಯ ಇಂಗ್ಲಿಷ್ ಕವಿಯ ಕ್ಯಾಂಟರ್‌ಬರಿ ಕತೆಗಳ ಆರು ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿ, ಸಾಲಿಗೆ ಸಾಲು ಹೊಂದಿಸಿ ಅಚ್ಚು ಹಾಕಿಸಿದರು. ತಿದ್ದಲಿಲ್ಲ, ಒಂದನ್ನು ಆರಿಸಿ ಉಳಿದವನ್ನು ಬಿಡಲಿಲ್ಲ. ಒಬ್ಬ ಲಿಪಿಕಾರ ಒಂದು ಪದವನ್ನು ಹೀಗೆ ಬರೆದ, ಇನ್ನೊಬ್ಬ ಹಾಗೆ ಬರೆದ, ನೋಡಿಕೊಳ್ಳಿ ಅಂತ ಓದುಗರ ಮುಂದೆ ಇಟ್ಟರು. ಆರು ಜನರ ಕಾಗುಣಿತ ಒಂದೇ ನೋಟಕ್ಕೆ ಸಿಗುತ್ತೆ. ನಿಘಂಟು ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲಿ ನಮ್ಮ ನಾಡಿನ ಮಾತು ಬಾರದೆ ಇರದು. ಅದೇ ಕಾಲದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಇದನ್ನೇ ಮಾಡುತ್ತಿದ್ದರು. ಮೋಗ್ಲಿಂಗ್ 1848ರಿಂದಲೇ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದರು. ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಹೊರತಂದರು. ಅವರ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು ಆಮೇಲೆ, 1894ರಲ್ಲಿ. ಲಂಡನ್ನಿಗೂ ಮಂಗಳೂರಿಗೂ ನಡುವೆ ಪತ್ರ ಓಡಾಡಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆ ಕೆಲಸದ ಕ್ರಮ ಒಂದೇ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಹಾಗೆಯೇ. ಅದರ ಯಾವುದೇ ಪುಟ ತೆರೆಯಿರಿ. ಅರ್ಥದ ಪಕ್ಕದಲ್ಲಿ ಪಂಪನದ್ದೋ, ಒಂದು ಶಾಸನದ್ದೋ ಸಾಲು ಸಾಕ್ಷಿಯಾಗಿ ನಿಂತಿರುತ್ತೆ. ಆ ಒಂದೊಂದು ಸಾಲನ್ನೂ ಯಾರೋ ಕೂತು ಓದಿ, ಚೀಟಿಗೆ ಇಳಿಸಿದ್ದಾರೆ.

ಮತ್ತೆ ಲಂಡನ್ನಿಗೆ. ಇಷ್ಟು ಸಂಘಗಳನ್ನು ಕಟ್ಟುವಾಗ ಫರ್ನಿವಾಲ್ ಅವರ ಕೈಯಲ್ಲಿ ಹಣವೂ ಇರಲಿಲ್ಲ. 1866ರಲ್ಲಿ ಓವರೆಂಡ್ ಗರ್ನಿ ಅನ್ನೋ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯಾಯಿತು. ತಂದೆಯಿಂದ ಬಂದ ಆಸ್ತಿ ಅದರ ಜೊತೆ ಹೋಯಿತು. ಅಲ್ಲಿಂದ ಮುಂದೆ ಅವರದ್ದು ಕೈ ಬಿಗಿಹಿಡಿದ ಬದುಕು. 1884ರಲ್ಲಿ ಸರ್ಕಾರ ವರ್ಷಕ್ಕೆ 150 ಪೌಂಡ್ ಪಿಂಚಣಿ ಕೊಟ್ಟಿತು. ಅಷ್ಟರಲ್ಲೇ ನಡೆಸಿದರು. ಪುಸ್ತಕಗಳು ಮಾತ್ರ ನಿಲ್ಲಲಿಲ್ಲ. ಅವರು ಕಣ್ಣು ಮುಚ್ಚುವ ಹೊತ್ತಿಗೆ ಟೆಕ್ಸ್ಟ್ ಸೊಸೈಟಿಯೊಂದೇ 200ಕ್ಕೂ ಹೆಚ್ಚು ಸಂಪುಟ ತಂದಿತ್ತು.

ಆ ಸೊಸೈಟಿಯಿಂದ ಇನ್ನೊಂದು ಲಾಭವಾಯಿತು. ಅದು ಪುಸ್ತಕವಲ್ಲ, ಮನುಷ್ಯ. ಸ್ಕಾಟ್ಲೆಂಡಿನ ಒಬ್ಬ ದರ್ಜಿಯ ಮಗ, ಹದಿನಾಲ್ಕಕ್ಕೆ ಶಾಲೆ ಬಿಟ್ಟವರು, ಭಾಷೆಗಳನ್ನು ತಾವೇ ಕಲಿತವರು. ಲಂಡನ್ನಿಗೆ ಬಂದು ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಗುಮಾಸ್ತರಾಗಿದ್ದರು, ಆಮೇಲೆ ಮಿಲ್ ಹಿಲ್ ಶಾಲೆಯಲ್ಲಿ ಮೇಷ್ಟ್ರು. ಈ ಮೇಷ್ಟ್ರಿಗೆ ಫರ್ನಿವಾಲ್ ಹಳೆಯ ಸ್ಕಾಟ್ ಪುಸ್ತಕಗಳನ್ನು ಸಂಪಾದಿಸಲು ಕೊಟ್ಟರು. ಅವರೇ ಜೇಮ್ಸ್ ಮರ್ರೆ. ಪದವಿ, ಮನೆತನ ಯಾವುದನ್ನೂ ಕೇಳದೆ ಕೆಲಸ ಮಾತ್ರ ನೋಡಿದ್ದು ಫರ್ನಿವಾಲ್ ಅವರ ದೊಡ್ಡತನ. ನಿಘಂಟಿಗೆ ಪ್ರಕಾಶಕರನ್ನು ಹುಡುಕುವಾಗ ಅವರು ಹಟ ಹಿಡಿದು ಒಂದು ಮಾತುಕತೆ ಕೆಡಿಸಿದರು ಅನ್ನೋದೂ ನಿಜ. ಕೊನೆಗೆ ಆಕ್ಸ್‌ಫರ್ಡ್ ಒಪ್ಪಿತು. 1879ರ ಮಾರ್ಚ್ 1ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಹತ್ತು ವರ್ಷ, 7,000 ಪುಟ. ಸಂಪಾದಕರು ಮರ್ರೆ.

ಇನ್ನು ಆ ಗೋಣಿಚೀಲಗಳ ಕತೆ. ಒಪ್ಪಂದ ಆದ ಮೇಲೆ ಫರ್ನಿವಾಲ್ ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಮರ್ರೆ ಮನೆಗೆ ಕಳಿಸಿದರು. ಎರಡು ಟನ್ನಿಗೆ ಹತ್ತಿರ ತೂಕದ ಚೀಟಿಗಳು. ಒಂದು ಚೀಲದಲ್ಲಿ ಸತ್ತ ಇಲಿ. ಇನ್ನೊಂದರಲ್ಲಿ ಕಾಗದ ಕಚ್ಚಿ ಗೂಡು ಮಾಡಿ ಮರಿ ಹಾಕಿದ್ದ ಇಲಿ. ಬುಟ್ಟಿಯೊಂದರಲ್ಲಿ 'ಐ' ಅಕ್ಷರದ ಚೀಟಿಗಳು, ಬುಟ್ಟಿಯ ತಳ ಕಿತ್ತುಹೋಗಿತ್ತು. 'ಎಚ್' ಅಕ್ಷರವೇ ಕಾಣೆ. ಕೊನೆಗೆ ಅದು ಇಟಲಿಯ ಫ್ಲಾರೆನ್ಸಿನಲ್ಲಿ ಸಿಕ್ಕಿತು. 'ಪಿಎ'ಯಿಂದ ಶುರುವಾಗುವ ಪದಗಳು ಐರ್ಲೆಂಡಿನ ಒಬ್ಬ ಪಾದ್ರಿಯ ಹತ್ತಿರ ಇದ್ದವು. ಅವರು ತೀರಿಹೋಗಿದ್ದರು. ಚೀಟಿಗಳು ಕುದುರೆ ಲಾಯದಲ್ಲಿ ಬಿದ್ದಿದ್ದವು. ಹೆಚ್ಚಿನವನ್ನು ಒಲೆ ಹೊತ್ತಿಸಲು ಬಳಸಿಬಿಟ್ಟಿದ್ದರು.

ಯಾರೋ ಒಬ್ಬ ಅಪರಿಚಿತ ಓದುಗ ದೀಪದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಬರೆದ ಚೀಟಿ ಒಲೆಗೆ ಹೋಯಿತಲ್ಲ ಅಂತ ನನಗೆ ಸಂಕಟವಾಗುತ್ತೆ. ಇದರ ಹೊಣೆ ಫರ್ನಿವಾಲ್ ಅವರದ್ದೇ. ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಆ ಚೀಲಗಳಲ್ಲಿ ಉಳಿದದ್ದೂ ಲಕ್ಷಗಟ್ಟಲೆ ಇತ್ತು. ಮರ್ರೆ ಬರಿಗೈಯಲ್ಲಿ ಶುರು ಮಾಡಲಿಲ್ಲ.

ಮರ್ರೆ ಶಾಲೆಯ ಅಂಗಳದಲ್ಲಿ ಒಂದು ತಗಡಿನ ಶೆಡ್ಡು ಹಾಕಿಸಿದರು. ಕೋಲ್‌ರಿಜ್ ಅವರ 54 ಗೂಡುಗಳಿದ್ದ ಜಾಗಕ್ಕೆ ಇಲ್ಲಿ 1,029. ಅವರ ಮಕ್ಕಳು ಹನ್ನೊಂದು ಜನ. ಅಕ್ಷರ ಕಲಿತ ಮಕ್ಕಳೆಲ್ಲ ಚೀಟಿ ವಿಂಗಡಿಸಲು ಕೂರುತ್ತಿದ್ದರು, ಗಂಟೆಗೆ ಇಷ್ಟು ಪೆನ್ನಿ ಅಂತ ಕೈಗೆ ಬರುತ್ತಿತ್ತು. ವಿಂಗಡಿಸಿದಾಗ ಒಂದು ವಿಚಿತ್ರ ಕಂಡಿತು. 'ಅಬ್ಯೂಷನ್' ಅನ್ನೋ, ಯಾರೂ ಬಳಸದ ಹಳೆಯ ಪದಕ್ಕೆ ಸುಮಾರು ಐವತ್ತು ಚೀಟಿ. 'ಅಬ್ಯೂಸ್' ಅನ್ನೋ ದಿನನಿತ್ಯದ ಪದಕ್ಕೆ ಐದೂ ಇಲ್ಲ. ಓದುವಾಗ ಅಪರೂಪದ ಪದ ಕಣ್ಣಿಗೆ ತಟ್ಟನೆ ಬೀಳುತ್ತೆ. ದಿನಾ ಆಡುವ ಪದ ಕಣ್ಣ ಮುಂದೆಯೇ ಹಾದುಹೋಗುತ್ತೆ. ಮರ್ರೆ ಹೊಸದಾಗಿ ಕರೆ ಕೊಟ್ಟರು. ಸಾಮಾನ್ಯ ಪದಗಳನ್ನೂ ಬರೆದು ಕಳಿಸಿ ಅಂತ ಕೇಳಿದರು. 1884ರಲ್ಲಿ ಮೊದಲ ಭಾಗ ಬಂತು, 352 ಪುಟ, 'ಎ'ಯಿಂದ 'ಆಂಟ್'ವರೆಗೆ, ಅಂದರೆ ಇರುವೆಯವರೆಗೆ. ಐದು ವರ್ಷ ಕಳೆದಿತ್ತು. ಹತ್ತು ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು.

ಫರ್ನಿವಾಲ್ ಪಕ್ಕಕ್ಕೆ ಸರಿದು ಸುಮ್ಮನೆ ಕೂರಲಿಲ್ಲ. ತಾವು ಕೂರಬೇಕಾಗಿದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದಾರೆ. ಆದರೂ ಮಾಮೂಲಿ ಓದುಗರ ಹಾಗೆ ಚೀಟಿ ಕಳಿಸುತ್ತಲೇ ಇದ್ದರು. ಬೆಳಗ್ಗೆ ಪತ್ರಿಕೆ ಓದುವುದು, ಕತ್ತರಿಯಲ್ಲಿ ಸಾಲು ಕತ್ತರಿಸಿ ಚೀಟಿಗೆ ಅಂಟಿಸುವುದು, ಮರ್ರೆಗೆ ಕಳಿಸುವುದು. ಅವರು ಕಳಿಸಿದ ಚೀಟಿಗಳು ಸುಮಾರು 30,000. ನಿಘಂಟಿನಲ್ಲಿ ಆ ದಿನಗಳ ಪತ್ರಿಕೆಯ ಸಾಲುಗಳು ಅಷ್ಟು ಸಿಗಲು ಈ ಕತ್ತರಿಯೂ ಒಂದು ಕಾರಣ.

ಅವರನ್ನು ದೇವರು ಮಾಡುವುದು ಬೇಡ. ಬಾಯಿ ಬಿರುಸು. ಕವಿ ಸ್ವಿನ್‌ಬರ್ನ್ ಜೊತೆ ಷೇಕ್ಸ್‌ಪಿಯರ್ ವಿಷಯಕ್ಕೆ ಜಗಳವಾಗಿ, ಅವರ ಹೆಸರನ್ನೇ ಹಂದಿಯ ಹೆಸರಾಗಿ ತಿರುಚಿ ಬರೆದರು. ಸಂಘದಲ್ಲಿದ್ದ ಗಣ್ಯರು ಬೇಸತ್ತು ಹೊರನಡೆದರು. 1883ರಲ್ಲಿ ಹೆಂಡತಿಯಿಂದ ದೂರವಾದರು. ಆ ಹೆಣ್ಣುಮಗಳಿಗೆ ಅನ್ಯಾಯವಾಯಿತು ಅಂತಲೇ ನನ್ನ ಅಭಿಪ್ರಾಯ. ಇದೇ ಮನುಷ್ಯ 1896ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹ್ಯಾಮರ್‌ಸ್ಮಿತ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ದೋಣಿ ಹುಟ್ಟು ಹಾಕುವ ಕ್ಲಬ್ ಕಟ್ಟಿದರು. ಗಂಡಸರ ಕ್ಲಬ್ಬುಗಳು ಹೆಂಗಸರನ್ನು ಹತ್ತಿರ ಸೇರಿಸದ ಕಾಲ. ಚಹಾ ಅಂಗಡಿಯಲ್ಲಿ ದುಡಿಯುವ ಹುಡುಗಿಯರು ಭಾನುವಾರ ನದಿಗೆ ಬಂದರು. ಎಂಬತ್ತು ದಾಟಿದ ಮೇಲೂ ಫರ್ನಿವಾಲ್ ಆ ಹುಡುಗಿಯರ ಜೊತೆ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕುತ್ತಿದ್ದರು. ಅವರ ಹೆಸರಿನ ಕ್ಲಬ್ಬು ಇವತ್ತೂ ಇದೆ. ನದಿಯ ದಡದಲ್ಲಿ ಅವರ ಹೆಸರಿನ ಉದ್ಯಾನವೂ ಇದೆ.

ನಿಘಂಟಿನ ಮೊದಲ ಆವೃತ್ತಿ ಮುಗಿದದ್ದು 1928ರ ಏಪ್ರಿಲಿನಲ್ಲಿ. 4,14,825 ಪದಗಳು, 18 ಲಕ್ಷಕ್ಕೂ ಹೆಚ್ಚು ಸಾಕ್ಷಿಯ ಸಾಲುಗಳು. 1857ರ ಆ ಮೂವರಲ್ಲಿ ಯಾರೂ ಅದನ್ನು ನೋಡಲಿಲ್ಲ. ಮರ್ರೆಯೂ ನೋಡಲಿಲ್ಲ, 1915ರಲ್ಲಿ ತೀರಿಕೊಂಡಿದ್ದರು.

ಫರ್ನಿವಾಲ್ ತೀರಿಕೊಂಡದ್ದು 1910ರ ಜುಲೈ 2ರಂದು. ಅದಕ್ಕೆ ಕೆಲವು ತಿಂಗಳ ಮೊದಲು ಅವರಿಗೆ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಮರ್ರೆಗೆ ಕಾಗದ ಬರೆದರು. ನಿಘಂಟಿನವರು ಒಬ್ಬೊಬ್ಬರೇ ಹೋಗುತ್ತಿದ್ದೇವೆ, ಇನ್ನು ಆರು ತಿಂಗಳಲ್ಲಿ ನನ್ನ ಸರದಿ. ಮುಗಿದ ನಿಘಂಟು ನೋಡಬೇಕು ಅನ್ನೋ ಆಸೆ ಇತ್ತು, ಅದು ಆಗದು. ಆದರೆ ಕೆಲಸ ಮುಗಿದೇ ಮುಗಿಯುತ್ತೆ, ಹಾಗಾಗಿ ಚಿಂತೆಯಿಲ್ಲ. ಸಾರಾಂಶ ಇಷ್ಟು.

ಮರ್ರೆ ಆಗ 'ಟಿ' ಅಕ್ಷರದಲ್ಲಿದ್ದರು. 'ಟೇಕ್' ಅನ್ನೋ ಪದ ಮುಗಿಸುವುದರಲ್ಲಿದ್ದರು. ತಗೋ ಅನ್ನುವಾಗ ನಾವು ಎಷ್ಟು ಅರ್ಥದಲ್ಲಿ ಆಡುತ್ತೇವೋ, ಅದೂ ಹಾಗೆಯೇ, ಸಣ್ಣದಾಗಿ ಕಂಡರೂ ಬೆಟ್ಟದಷ್ಟು ಕೆಲಸ ಕೊಡುವ ಪದ. ಮರ್ರೆ ಉತ್ತರ ಬರೆದು ಕೇಳಿದರು: 'ಟೇಕ್' ಪದದ ಕೊನೆಯ ಕರಡಚ್ಚನ್ನು, ಹೊತ್ತು ಮೀರುವ ಮೊದಲು ನಿಮಗೆ ಕಳಿಸಲೇ? ನೋಡಿದರೆ ನಿಮಗೆ ಸಂತೋಷವಾದೀತೇ?